ಅಂಚು ಮುರಿದ ಗಂಜೀಫ

"ಗುರುಗಳೇ, ಆಶ್ರಮಕ್ಕೆ ಬಂದು ಆರು ವರ್ಷವಾಯಿತು. ಹಳೆಯ ಬದುಕಿನ ಗುರುತುಗಳು ಇನ್ನೂ ನನ್ನನ್ನು ಬಿಟ್ಟಿಲ್ಲ. ಅವನ್ನು ಪೂರ್ತಿ ಅಳಿಸಿ, ನನ್ನನ್ನು ಹೊಸಬನನ್ನಾಗಿ ಮಾಡಲಾರಿರಾ?"

ಹೀಗೆ ಕೇಳಿದವನು ಗಿರಿಯಪ್ಪ. ಹಿಂದೆ ಕಂಚಿನ ಪಾತ್ರೆಗಳನ್ನು ಮಾಡುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಟ್ಟು ಬಂದಿದ್ದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನಿಗೆ ಹಳೆಯ ಗಂಜೀಫದ ಎಲೆಗಳನ್ನು ಕೂಡಿಡುವ ಹುಚ್ಚು. ಗಂಜೀಫವೆಂದರೆ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಮೇಲೆ ಅರಗು ಸವರಿ, ಚಿತ್ರ ಬರೆದ ದುಂಡನೆಯ ಆಟದ ಎಲೆಗಳು. ಹತ್ತು ಅವತಾರಗಳು; ಒಂದೊಂದಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಸಣ್ಣ ಎಲೆಗಳು. ಒಟ್ಟು ನೂರ ಇಪ್ಪತ್ತು.

ವ್ಯಾಪಾರಿ ಹೋದ ಊರಿನಲ್ಲೆಲ್ಲ ಎಲೆಗಳನ್ನು ಹುಡುಕುತ್ತಿದ್ದ. ಹಳೆಯ ಎಲೆ ಚೆನ್ನಾಗಿ ಸಿಗುವುದು ಅಪರೂಪ. ಅಂಚು ಮುರಿದಿರುತ್ತದೆ, ಬಣ್ಣ ಹೋಗಿರುತ್ತದೆ. ಅಂಥದ್ದು ಸಿಕ್ಕರೆ ಅವನಿಗೆ ಸಂಕಟವಾಗುತ್ತಿತ್ತು. ತನ್ನ ಊರಿನ ಚಿತ್ರಗಾರನಿಗೆ ಕೊಟ್ಟು ಹೊಸದರಂತೆ ಮಾಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದ. ಇಪ್ಪತ್ತು ವರ್ಷ ಹೀಗೆ ಕೂಡಿಟ್ಟ. ಒಮ್ಮೆಯೂ ಆಡಲಿಲ್ಲ.

ಒಂದು ಸಲ ಅವನು ಸೀರೆ ಕೊಳ್ಳಲು ಒಬ್ಬ ನೇಕಾರನ ಮನೆಗೆ ಹೋದ. ನೇಕಾರನಿಗೆ ವಯಸ್ಸಾಗಿತ್ತು. ಮೂವತ್ತು ವರ್ಷದ ಹಿಂದೆಯೇ ಕಣ್ಣು ಹೋಗಿತ್ತು. ಅಂದಿನಿಂದ ಮಗ್ಗದಲ್ಲಿ ಕೂರುತ್ತಿದ್ದವಳು ಹೆಂಡತಿ. ವ್ಯಾಪಾರಿ ಒಳಗೆ ಬಂದಾಗ ಜಗಲಿಯ ಮೇಲೆ ಮೂವರು ಗಂಜೀಫ ಆಡುತ್ತಿದ್ದರು. ಮುದುಕ, ಮುದುಕಿ, ಎದುರುಮನೆಯ ಗಾಣಿಗ.

ವ್ಯಾಪಾರಿ ನಿಂತಲ್ಲೇ ನಿಂತ. ಎಲೆಗಳು ಬಲು ಹಳೆಯವು. ಒಬ್ಬನೇ ಚಿತ್ರಗಾರ ಬರೆದದ್ದು. ಅಂಥ ಕೈಯನ್ನು ಅವನು ಎಲ್ಲೂ ನೋಡಿರಲಿಲ್ಲ. ನೂರ ಇಪ್ಪತ್ತೂ ಇದ್ದವು. ಆದರೆ ಒಂದೂ ನೆಟ್ಟಗಿರಲಿಲ್ಲ. ಕೆಲವುಗಳ ಚಿತ್ರ ಅರ್ಧ ಅಳಿಸಿತ್ತು. ಕೆಲವುಗಳ ಅಂಚು ಇಲಿ ತಿಂದ ರೊಟ್ಟಿಯಂತಿತ್ತು.

ಅದಕ್ಕಿಂತ ದೊಡ್ಡ ಅಚ್ಚರಿ ಮುದುಕನ ಆಟ. ತನ್ನ ಪಾಲಿನ ನಲವತ್ತು ಎಲೆಗಳನ್ನು ಅವನು ಒಂದೊಂದಾಗಿ ಕೈಗೆತ್ತಿಕೊಳ್ಳುತ್ತಿದ್ದ. ಹೆಬ್ಬೆರಳು ಒಂದು ಸುತ್ತು ಹಾಕುತ್ತಿತ್ತು. ಅಷ್ಟೇ. ಮೀನಿನ ರಾಜ, ಸಿಂಹದ ಏಳು, ವಾಮನನ ಮಂತ್ರಿ ಎಂದು ಮನಸ್ಸಿನಲ್ಲೇ ಹೊಂದಿಸಿ ಸಾಲಾಗಿ ಇಡುತ್ತಿದ್ದ. ಬೇರೆಯವರು ತಾವು ಇಳಿಸಿದ ಎಲೆಯ ಹೆಸರು ಹೇಳುತ್ತಿದ್ದರು. ಅವನು ತನ್ನದನ್ನು ಆರಿಸಿ ಇಳಿಸುತ್ತಿದ್ದ. ಒಂದೂ ತಪ್ಪಲಿಲ್ಲ. ಹಂಚುವ ಸರದಿ ಬಂದಾಗ ಮಾತ್ರ ಕೈಕಟ್ಟಿ ಕೂತು, ಗಾಣಿಗನೇ ಹಂಚಲಿ ಎನ್ನುತ್ತಿದ್ದ.

"ಅಮ್ಮ, ಅವರಿಗೆ ಹೇಗೆ ಗೊತ್ತಾಗುತ್ತದೆ?" ಎಂದು ವ್ಯಾಪಾರಿ ಮುದುಕಿಯನ್ನು ಮೆಲ್ಲಗೆ ಕೇಳಿದ.

"ಕೇಳಿದರೆ ನಗುತ್ತಾರೆ ಶೆಟ್ಟರೇ. ಬಣ್ಣದ ಉಬ್ಬು ಬೆರಳಿಗೆ ಸಿಗುತ್ತದೇನೋ. ನನಗೂ ತಿಳಿಯದು."

ಆ ವರ್ಷ ಮಳೆಗಾಲದಲ್ಲಿ ಮುದುಕ ಜ್ವರದಿಂದ ಮಲಗಿದ. ವ್ಯಾಪಾರಿ ಬಂದಾಗ ಎಲೆಗಳು ಗೂಡಿನಲ್ಲಿ ಸುಮ್ಮನೆ ಇದ್ದವು. ಅವನಿಗೊಂದು ಯೋಚನೆ ಬಂತು. ಇಷ್ಟು ಸವೆದ ಬಣ್ಣದಲ್ಲೇ ಈ ಮುದುಕ ಇಷ್ಟು ಗುರುತಿಸುತ್ತಾನೆ. ಬಣ್ಣ ಹೊಸದಾದರೆ ಇನ್ನೆಷ್ಟು ಸುಲಭವಾದೀತು. ಎಲೆಗಳನ್ನು ತನ್ನದಾಗಿಸಿಕೊಳ್ಳುವ ಆಸೆ ಅವನಿಗೆ ಇರಲಿಲ್ಲ. ಒಳ್ಳೆಯದನ್ನೇ ಬಯಸಿದ್ದ. ಮುದುಕಿಗೆ ಹೇಳಿದ. ಅವರನ್ನೊಂದು ಮಾತು ಕೇಳಬೇಕು ಎಂದು ಅವಳು ಹಿಂಜರಿದಳು. ಏಳುವಷ್ಟರಲ್ಲಿ ತಂದುಕೊಡುತ್ತೇನೆ, ಅವರಿಗೆ ಸಂತೋಷವಾಗಲಿ ಎಂದು ಇವನು ಒತ್ತಾಯ ಮಾಡಿದ. ಅವಳು ಕೊಟ್ಟಳು.

ಚಿತ್ರಗಾರ ಒಂದು ತಿಂಗಳು ಕೂತು ಕೆಲಸ ಮಾಡಿದ. ಮುರಿದ ಅಂಚುಗಳನ್ನು ತುಂಬಿದ. ಗೀರುಗಳನ್ನು ಉಜ್ಜಿ ನುಣುಪು ಮಾಡಿದ. ಹಳೆಯ ಗೆರೆಯ ಮೇಲೆಯೇ ಹೊಸ ಬಣ್ಣ ಕೂರಿಸಿ ಅರಗು ಎಳೆದ. ನೂರ ಇಪ್ಪತ್ತೂ ಅಂದೇ ಬರೆದಂತೆ ಹೊಳೆದವು.

ವ್ಯಾಪಾರಿ ಅವನ್ನು ತಂದಾಗ ಮುದುಕ ಚೇತರಿಸಿಕೊಂಡು ಜಗಲಿಯಲ್ಲಿ ಕೂತಿದ್ದ. ಗಾಣಿಗನೂ ಬಂದ. ಎಲೆ ಹಂಚಿದರು. ಮುದುಕ ಮೊದಲ ಎಲೆಯನ್ನು ಎತ್ತಿಕೊಂಡ. ಹೆಬ್ಬೆರಳು ಒಂದು ಸುತ್ತು ಹೋಯಿತು. ಮತ್ತೊಂದು ಸುತ್ತು ಹೋಯಿತು. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡ. ಐದನೆಯದಕ್ಕೆ ಅವನ ಕೈ ನಿಂತಿತು.

"ಇವು ಯಾರ ಎಲೆಗಳು?"

"ನಿಮ್ಮವೇ ಅಜ್ಜ. ಎಲ್ಲವನ್ನೂ ಸರಿಮಾಡಿಸಿದ್ದೇನೆ" ಎಂದ ವ್ಯಾಪಾರಿ.

ಮುದುಕ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟ. ಆಮೇಲೆ ಹೇಳಿದ: "ಇದರಲ್ಲಿ ನನಗೆ ಯಾರೂ ಸಿಗುತ್ತಿಲ್ಲ. ವಾಮನನ ಮಂತ್ರಿಗೆ ದೀಪದ ಕಿಡಿ ಬಿದ್ದ ಗುಳಿಯಿತ್ತು. ಮದುವೆಯಾದ ವರ್ಷ ಇವಳೇ ಕೋಪದಲ್ಲಿ ಮೀನಿನ ರಾಜನನ್ನು ಎಸೆದಿದ್ದಳು. ಎರಡು ಕಡೆ ಚಕ್ಕೆ ಎದ್ದಿತ್ತು. ವರಾಹದ ರಾಜನನ್ನು ನಮ್ಮ ಮಗು ಹಲ್ಲು ಬರುವಾಗ ಕಚ್ಚಿತ್ತು. ನಾಲ್ಕು ಹಲ್ಲಿನ ಗುರುತು. ಆ ಮಗು ಉಳಿಯಲಿಲ್ಲ."

ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೂವತ್ತು ವರ್ಷ ಎದುರು ಕೂತು ಆಡಿದವಳಿಗೂ ಅಂದೇ ತಿಳಿದದ್ದು, ಗಂಡ ಮುಟ್ಟುತ್ತಿದ್ದದ್ದು ಬಣ್ಣವನ್ನಲ್ಲ ಎಂದು. ಗಾಣಿಗ ಎದ್ದು ನಿಂತ. "ಹೋದ ಕಣ್ಣನ್ನು ಎರಡನೆಯ ಸಲ ಕಿತ್ತಿರಿ" ಎಂದು ವ್ಯಾಪಾರಿಗೆ ಹೇಳಿ ಹೊರಟುಹೋದ. ಮತ್ತೆ ಆಟಕ್ಕೆ ಬರಲಿಲ್ಲ.

ವ್ಯಾಪಾರಿ ಚಿತ್ರಗಾರನ ಹತ್ತಿರ ಓಡಿದ. ಮಾಡಿದ್ದನ್ನು ತೆಗೆದುಬಿಡು ಎಂದ. ಚಿತ್ರಗಾರ ಅಂದ, "ತುಂಬಿದ್ದನ್ನು ಕೆರೆದು ತೆಗೆಯಬಲ್ಲೆ. ಆಗ ಉಳಿಯುವುದು ನನ್ನ ಉಳಿಯ ಗುರುತು. ಹಲ್ಲಿನ ಗುರುತು ಬಾರದು."

ವ್ಯಾಪಾರಿ ಹಿಂತಿರುಗಿ ಬಂದು ಮುದುಕನ ಮುಂದೆ ತಲೆತಗ್ಗಿಸಿ ಕೂತ. ಬೈಗುಳ ಬರಲಿ ಎಂದು ಕಾದ. ಮುದುಕ ಕೇಳಿದ್ದು ಬೇರೆ.

"ನಿಮಗೆ ಆಟ ಬರುತ್ತದೆಯೇ?"

"ಬಾರದು ಅಜ್ಜ."

"ಹಾಗಾದರೆ ಗಾಣಿಗನ ಜಾಗದಲ್ಲಿ ಕೂತುಕೊಳ್ಳಿ. ಎಲೆಗಳೂ ಹೊಸವು, ನೀವೂ ಹೊಸಬರು. ಇಬ್ಬರಿಗೂ ಒಟ್ಟಿಗೆ ಪಾಠವಾಗಲಿ."

ಅಂದಿನಿಂದ ವ್ಯಾಪಾರಿ ಪ್ರತಿ ತಿಂಗಳೂ ಆ ಊರಿಗೆ ಬಂದು ನಾಲ್ಕು ದಿನ ಉಳಿದು ಆಡುತ್ತಿದ್ದ. ಮುದುಕನ ಪಾಲಿನ ಎಲೆಗಳ ಹೆಸರನ್ನು ಮುದುಕಿ ಅವನ ಕಿವಿಯಲ್ಲಿ ಹೇಳುತ್ತಿದ್ದಳು. ಅವನ ಕೈಯಲ್ಲಿ ಏನಿದೆಯೆಂದು ಪೂರ್ತಿ ತಿಳಿದೂ ಅವಳು ತಿಳಿಯದವಳಂತೆ ಆಡುತ್ತಿದ್ದಳು. ಎಷ್ಟೋ ಸಲ ಸೋಲುತ್ತಿದ್ದಳು. ಮುದುಕ ನಲವತ್ತು ಹೆಸರುಗಳನ್ನೂ ಅವುಗಳ ಜಾಗವನ್ನೂ ನೆನಪಿನಲ್ಲಿಟ್ಟು ಆಡುತ್ತಿದ್ದ. ಮೊದಲು ಅವನಿಗೆ ತಪ್ಪಾಗುತ್ತಿತ್ತು. ಆಟ ಮುಗಿಯುವಷ್ಟರಲ್ಲಿ ದಣಿದು ಗೋಡೆಗೆ ಒರಗುತ್ತಿದ್ದ. ಆದರೂ ಎಲೆಯನ್ನು ಕೆಳಗಿಡುವ ಮುನ್ನ ಹೆಬ್ಬೆರಳಿನಿಂದ ಒಂದು ಸುತ್ತು ಸವರುವುದನ್ನು ಅವನು ಒಂದು ದಿನವೂ ಬಿಡಲಿಲ್ಲ.

ಮೂರು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಎಲೆ ಹಂಚಿಯಾಗಿತ್ತು; ಹೆಸರು ಹೇಳುವ ಮುನ್ನ ಮುದುಕಿ ಕುಡಿಯಲು ನೀರು ತರಲು ಒಳಗೆ ಹೋಗಿದ್ದಳು. ಮುದುಕ ತನ್ನ ಪಾಲಿನ ಒಂದು ಎಲೆಯನ್ನು ಎತ್ತಿಕೊಂಡ. ಹೆಬ್ಬೆರಳು ಅರ್ಧ ಸುತ್ತು ಹೋಗಿ ನಿಂತಿತು.

"ಆಮೆಯ ಮಂತ್ರಿ" ಎಂದ.

ವ್ಯಾಪಾರಿ ಬಗ್ಗಿ ನೋಡಿದ. ಆಮೆಯ ಮಂತ್ರಿಯೇ. ಅಂಚಿನಲ್ಲಿ ಎಳ್ಳಿನಷ್ಟು ಅರಗು ಹಾರಿತ್ತು.

"ಅಜ್ಜ, ಅಮ್ಮ ಹೇಳಲಿಲ್ಲವಲ್ಲ?"

"ಹೋದ ಸಲ ನೀವು ಬಂದಾಗ, ಆಮೆಯ ಮಂತ್ರಿ ಎಂದು ಹೇಳಿ ಇಳಿಸುವಾಗ, ಇದು ನಿಮ್ಮ ಕೈಯಿಂದ ಜಾರಿ ಒರಳಿಗೆ ಬಡಿಯಿತು. ಸದ್ದು ಕೇಳಿಸಿತ್ತು. ನೀವು ಹೆದರಿ ಸುಮ್ಮನಾದಿರಿ. ಇದು ಯಾವಾಗ ನನ್ನ ಪಾಲಿಗೆ ಬರುವುದೋ ಎಂದು ಕಾಯುತ್ತಿದ್ದೆ."

ವ್ಯಾಪಾರಿಗೆ ಆ ಎಲೆಯನ್ನು ಮುಟ್ಟಲೂ ಧೈರ್ಯ ಬರಲಿಲ್ಲ. ಕೈಮುಗಿದು ಕೂತ. ನೀರು ತಂದ ಮುದುಕಿ ಬಾಗಿಲಲ್ಲೇ ನಿಂತುಬಿಟ್ಟಳು. ಸುದ್ದಿ ತಿಳಿದು ಮರುದಿನ ಗಾಣಿಗ ಬಂದ. ಆಡಲಿಲ್ಲ. ಪಕ್ಕದಲ್ಲಿ ಕೂತು ನೋಡಿದ.

ಮುದುಕ ಇನ್ನೂ ಐದು ವರ್ಷ ಬದುಕಿದ. ಕೊನೆಯ ಹೊತ್ತಿಗೆ ಹನ್ನೊಂದು ಎಲೆಗಳು ಅವನ ಬೆರಳಿಗೆ ಸಿಕ್ಕಿದ್ದವು. ಉಳಿದ ನೂರ ಒಂಬತ್ತು ಸಿಗಲಿಲ್ಲ. ವರಾಹದ ರಾಜನೂ ಸಿಗಲಿಲ್ಲ.

ವ್ಯಾಪಾರಿ ಎಲೆ ಕೂಡಿಡುವುದನ್ನು ಬಿಡಲಿಲ್ಲ. ಆದರೆ ಮುರಿದದ್ದನ್ನು ಮುರಿದ ಹಾಗೆಯೇ ತರುತ್ತಿದ್ದ. ಹೊಸ ಎಲೆ ಕೈಗೆ ಬಂದರೆ ಮೊದಲು ಕಣ್ಣು ಮುಚ್ಚುತ್ತಿದ್ದ. ಹೆಬ್ಬೆರಳಿನಿಂದ ಅಂಚನ್ನು ನಿಧಾನವಾಗಿ ಸವರುತ್ತಿದ್ದ. ಮುರಿದ ಜಾಗ ಸಿಕ್ಕಾಗ, ದೇವರ ಮನೆಯ ಹೊಸಿಲ ಮುಂದೆ ನಿಂತವನಂತೆ, ಅವನ ಉಸಿರು ನಿಲ್ಲುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಗಿರಿಯಪ್ಪ ತನ್ನ ಅಂಗೈಯನ್ನೇ ನೋಡುತ್ತಿದ್ದ. ಕುಲುಮೆಯ ಸುಟ್ಟ ಗಾಯಗಳು ಅಲ್ಲಿ ಒಣಗಿ ಬಿಳುಪಾಗಿದ್ದವು.

"ನನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ಲ ಗುರುಗಳೇ" ಎಂದ.

ಗುರುಗಳು ಹೇಳಿದರು: "ನಿನ್ನನ್ನು ಪೂರ್ತಿ ಹೊಸಬನನ್ನಾಗಿ ಮಾಡಿಬಿಟ್ಟರೆ ಗಿರಿಯಪ್ಪ, ಮುಟ್ಟಿಯೇ ಗುರುತು ಹಿಡಿಯುವವನು ನಿನ್ನನ್ನು ಏನೆಂದು ಕರೆಯಬೇಕು?"

ಗಿರಿಯಪ್ಪ ಹೆಬ್ಬೆರಳಿನಿಂದ ಅಂಗೈಯ ಗಾಯಗಳನ್ನು ಮೆಲ್ಲಗೆ ಸವರಿದ.