ಜೇಡಿ ದಾಟಿದ ಗುದ್ದಲಿ

"ಗುರುಗಳೇ, ಕೆರೆಯಲ್ಲಿ ನಮ್ಮ ಪಾಲನ್ನು ನಾವು ನೋಡಿಕೊಳ್ಳುತ್ತೇವೆ, ಅವರ ಪಾಲನ್ನು ಅವರು ನೋಡಿಕೊಳ್ಳಲಿ. ಇದರಲ್ಲಿ ತಪ್ಪೇನಿದೆ?"

ಕೇಳಿದವನು ಹಾಲಪ್ಪ. ಗುರುಗಳ ಹಳೆಯ ಶಿಷ್ಯ, ಈಗ ತನ್ನೂರಿನ ಪಂಚಾಯಿತಿ ಅಧ್ಯಕ್ಷ. ಅವನ ಪಂಚಾಯಿತಿಗೂ ಪಕ್ಕದ ಪಂಚಾಯಿತಿಗೂ ಇರುವುದು ಒಂದೇ ಕೆರೆ. ಅದನ್ನು ಇಬ್ಬರೂ ಕೂಡಿ ನಿಭಾಯಿಸೋಣ ಎಂದು ಪಕ್ಕದವರು ಹೇಳಿಕಳಿಸಿದ್ದರು. ಮಾರನೆಯ ದಿನ ಉತ್ತರ ಕೊಡಬೇಕಿತ್ತು. ಹಾಲಪ್ಪ ಚಾಪೆಯ ಮೇಲೆ ಕೂರುವನು, ಏಳುವನು, ಹೆಗಲ ಮೇಲಿನ ಟವೆಲ್ಲು ತೆಗೆದು ಮತ್ತೆ ಹಾಕಿಕೊಳ್ಳುವನು.

"ಮೊದಲು ಕೂತುಕೋ. ನೀನು ಹೀಗೆ ಎದ್ದು ಕೂತು ಮಾಡಿದರೆ ನನಗೆ ತಲೆ ಸುತ್ತುತ್ತದೆ" ಎಂದರು ಗುರುಗಳು. ಅವನು ಕೂತ ಮೇಲೆ ಕತೆ ಹೇಳಿದರು.

ಒಂದು ಕೆರೆ. ಅದರ ಮೂಡಲ ದಡದಲ್ಲಿ ಮೂಡಲೂರು, ಪಡುವಲ ದಡದಲ್ಲಿ ಪಡುವಲೂರು. ಬೇಸಗೆಯಲ್ಲಿ ನೀರು ಇಳಿದಾಗ ಎರಡೂ ಊರಿನವರು ಹೂಳು ತೆಗೆಯುತ್ತಿದ್ದರು. ಅದಕ್ಕೊಂದು ವಿಚಿತ್ರ ಕಟ್ಟಳೆಯಿತ್ತು. ಮೂಡಲೂರಿನವರು ಪಡುವಲ ಅರ್ಧದಲ್ಲಿ ಅಗೆಯಬೇಕು, ಪಡುವಲೂರಿನವರು ಮೂಡಲ ಅರ್ಧದಲ್ಲಿ. ತೆಗೆದ ಹೂಳು ಅಗೆದವರ ಹೊಲಕ್ಕೆ. ಹೂಳಿನ ಕೆಳಗೆ ಜೇಡಿಮಣ್ಣು ಸಿಗುತ್ತಿತ್ತು. ಅದು ಹೊಲಕ್ಕೆ ಬಾರದ ಮಣ್ಣು. ಇನ್ನೊಬ್ಬರ ಪಾಲನ್ನು ಸುಮ್ಮನೆ ಆಳ ಮಾಡಿಕೊಡಲು ಯಾರಿಗೆ ಹುಚ್ಚು? ಹಾಗಾಗಿ ಜೇಡಿ ಕಂಡ ಕೂಡಲೇ ಗುದ್ದಲಿ ನಿಲ್ಲುತ್ತಿತ್ತು. ಕೆರೆಯ ನೀರು ಕೆಳಗೆ ಇಂಗದಂತೆ ಹಿಡಿದಿದ್ದದ್ದು ಆ ಜೇಡಿಯೇ.

ಮೂಡಲೂರಿಗೆ ಒಬ್ಬ ಹೊಸ ಗೌಡ ಬಂದ. ಬುದ್ಧಿವಂತ. ಬುದ್ಧಿವಂತರು ಬಂದರೆಂದರೆ ನನಗೆ ಸ್ವಲ್ಪ ಭಯ. ಅವನು ಪಡುವಲೂರಿನ ಗೌಡನನ್ನು ಕಂಡು ಹೇಳಿದ:

"ಅಲ್ರೀ ಗೌಡ್ರೇ, ನಿಮ್ ಪಾಲಲ್ಲಿ ನಾವ್ಯಾಕೆ ಬೆವರು ಸುರಿಸ್ಬೇಕು, ನಮ್ ಪಾಲಲ್ಲಿ ನೀವ್ಯಾಕೆ ಸುರಿಸ್ಬೇಕು? ಅವರವರದ್ದು ಅವರವರು ಅಗ್ಕೊಂಡ್ರೆ ಮುಗೀತಲ್ಲ."

"ನಂಗೂ ಎಷ್ಟೋ ಸಲ ಹಂಗೇ ಅನ್ಸಿತ್ತು ಕಣ್ರೀ" ಎಂದ ಪಡುವಲೂರಿನ ಗೌಡ.

ಮಾತು ಎಷ್ಟು ನ್ಯಾಯವಾಗಿ ಕಂಡಿತೆಂದರೆ ಯಾರೂ ಎದುರಾಡಲಿಲ್ಲ.

ಮರುವರ್ಷ ಮೂಡಲೂರಿನವರು ತಮ್ಮ ಅರ್ಧವನ್ನು ತುಸು ಹೆಚ್ಚೇ ಅಗೆದರು. ಬೇಸಗೆಯ ಕೊನೆಯ ನೀರು ತಗ್ಗು ಇರುವ ಕಡೆ ತಾನೇ ನಿಲ್ಲುವುದು? ಅವರ ದನಗಳು ಹೊಟ್ಟೆ ತುಂಬ ಕುಡಿದವು, ಪಡುವಲೂರಿನ ದನಗಳು ಕೆಸರು ನೆಕ್ಕಿದವು. ಪಡುವಲೂರಿನವರ ಹೊಟ್ಟೆ ಉರಿಯಿತು. ಮುಂದಿನ ವರ್ಷ ಅವರು ಇನ್ನೂ ಆಳಕ್ಕೆ ಹೋದರು. ನೀರು ಅವರ ಕಡೆ ಸರಿಯಿತು. ಅಲ್ಲಿಂದ ಎರಡೂ ಊರಿಗೆ ನೆಮ್ಮದಿಯಿಲ್ಲ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು, ಆಚೆಯವರು ಎಷ್ಟು ಇಳಿದಿದ್ದಾರೆ ಎಂದು ಇಣುಕಿ ಬರುವನು. ಜೇಡಿ ಕಂಡಿತು, ಗುದ್ದಲಿ ನಿಲ್ಲಲಿಲ್ಲ. ಜೇಡಿಯ ಕೆಳಗೆ ಮರಳು ಕಂಡಿತು, ಆಗಲೂ ನಿಲ್ಲಲಿಲ್ಲ.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಕೆರೆ ತುಂಬಿತು. ಎರಡೂ ಊರಿನವರು ಏರಿಯ ಮೇಲೆ ನಿಂತು ನೋಡಿ ಖುಷಿಪಟ್ಟರು. ದೀಪಾವಳಿಯ ಹೊತ್ತಿಗೆ ಕೆರೆಯ ತಳ ಕಂಡಿತು. ಈ ಕಡೆಯ ಗುಂಡಿಯಲ್ಲೂ ನೀರಿಲ್ಲ, ಆ ಕಡೆಯದರಲ್ಲೂ ಇಲ್ಲ. ಎಲ್ಲ ಮರಳಿಗೆ ಇಳಿದುಹೋಗಿತ್ತು. ಆ ಬೇಸಗೆಯಲ್ಲಿ ಎರಡೂ ಊರಿನ ಕೊಟ್ಟಿಗೆಗಳು ಖಾಲಿಯಾದವು. ಹೇಳಲು ನನಗೇ ಸಂಕಟವಾಗುತ್ತದೆ, ಕರುವಿನಿಂದ ಸಾಕಿದವರೇ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋದರು.

ಸರಿಪಡಿಸಲು ದಾರಿಯಿತ್ತು. ಜೇಡಿ ತಂದು ಸುರಿದು, ನೆನೆಸಿ, ತುಳಿದು ಗಟ್ಟಿ ಮಾಡಿದರೆ ತಳ ಮತ್ತೆ ನೀರು ಹಿಡಿಯುತ್ತಿತ್ತು. ಆದರೆ ಅರ್ಧ ಮುಚ್ಚಿ ಅರ್ಧ ಬಿಟ್ಟರೆ ಮುಚ್ಚಿಯೂ ಉಪಯೋಗವಿಲ್ಲ. ಎರಡೂ ಊರು ಒಟ್ಟಿಗೆ ಕೆರೆಗೆ ಇಳಿಯಬೇಕು, ಅದೂ ಮಳೆಗೆ ಮೊದಲು. ಈ ಮಳೆಯ ನೀರೂ ಇಂಗಿಹೋದರೆ ಊರು ಬಿಡುವುದೊಂದೇ ಉಳಿಯುವುದು. ಗಾಳಿ ಆಗಲೇ ತಿರುಗಿತ್ತು. ಇಬ್ಬರು ಗೌಡರೂ ಅವಸರ ಅವಸರವಾಗಿ ಏರಿಯ ಮೇಲೆ ಸಭೆ ಸೇರಿಸಿದರು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಹಾಲಪ್ಪನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಮುಂದಕ್ಕೆ ಸರಿದ.

"ಗುರುಗಳೇ, ಅದೆಲ್ಲ ಇರಲಿ. ಜೇಡಿ ದಾಟಿ ಮೊದಲು ಅಗೆದವರು ಯಾರು? ಮೂಡಲೂರಿನವರೋ, ಪಡುವಲೂರಿನವರೋ?"

"ಆ ಸಭೆಯಲ್ಲೂ ಎಲ್ಲರೂ ಇದನ್ನೇ ಕೇಳುತ್ತಿದ್ದರು ಹಾಲಪ್ಪ, ಅಷ್ಟರಲ್ಲಿ ಮಳೆ ಬಂದು ಹೋಯಿತು."