ಮೋರಿಸ್ ಕಾರಿಗೆ ಹೇಳಿದ ಬೆಲೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಸನ್ಯಾಸ ಬೇಡಿ ಅಲ್ಲಿಗೆ ನಡೆದು ಬಂದವರಿದ್ದರು, ಬಸ್ಸಿಳಿದು ಬಂದವರಿದ್ದರು. ಕಾರು ಹೊಡೆದುಕೊಂಡು ಬಂದವನು ಅಡಿವೆಪ್ಪನೊಬ್ಬನೇ.

ಅದೂ ಅಂಥಿಂಥ ಕಾರಲ್ಲ. ತಂದೆ ಗದಗಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಕೊಂಡಿದ್ದ ಮೋರಿಸ್. ತಂದೆ ತೀರಿಕೊಂಡ ಮೇಲೆ ಅಡಿವೆಪ್ಪ ಅದನ್ನು ಪೂರ್ತಿ ಬಿಚ್ಚಿ, ಪುಣೆಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಅಸಲಿ ಸಾಮಾನು ತಂದು, ಮತ್ತೆ ಜೋಡಿಸಿದ್ದ. ಮದುವೆಯ ವಯಸ್ಸು ಕಾರಿನ ಕೆಳಗೆ ಮಲಗಿಯೇ ಕಳೆದುಹೋಯಿತು ಎಂದು ಊರವರು ಆಡಿಕೊಂಡರೆ ಅವನಿಗೆ ಒಳಗೊಳಗೇ ಹೆಮ್ಮೆ.

ಮಠದಲ್ಲಿ ಅವನು ಕಸ ಗುಡಿಸಿದ, ನೀರು ಹೊತ್ತ, ಪಾಠ ಕೇಳಿದ. ಕಾರು ಹುಣಸೆಮರದ ಕೆಳಗೆ ಮುಸುಕು ಹೊದ್ದು ನಿಂತಿತ್ತು. ಮೂರು ವರ್ಷವಾದ ಮೇಲೆ ದೀಕ್ಷೆ ಬೇಡಿದ.

"ಇನ್ನ ನಂದು ಅಂತ ಏನೂ ಉಳದಿಲ್ಲರಿ ಅಜ್ಜಾರ."

ಮಠದ ಹಿರಿಯರನ್ನು ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು. ಅಜ್ಜ ಹುಣಸೆಮರದ ಕಡೆ ನೋಡಿದರು.

"ಅದು?"

"ಅದನ್ನ ಮಠಕ್ಕ ಕೊಡತೇನ್ರಿ."

"ಮಠಕ್ಕ ಕೊಟ್ರ ದಿನಾ ಒರಸಕೋಂತ ಕೂಡತಿ. ಮಾರು. ಮಾರಿ ಬಾ, ದೀಕ್ಷಾ ಕೊಡತೇನಿ."

ಹುಬ್ಬಳ್ಳಿಯಲ್ಲಿ ಮಕಾನದಾರ ಸಾಹೇಬರೆಂಬುವರಿದ್ದರು. ಹಳೆಯ ಕಾರು ಎಂದರೆ ಅವರಿಗೆ ಪ್ರಾಣ, ಮನೆಯ ಅಂಗಳದ ತುಂಬ ಅವೇ. ಅಡಿವೆಪ್ಪ ಫೋನು ಮಾಡಿದ್ದೇ ತಡ, ಬಂದರು. ಬಾನೆಟ್ ತೆಗೆದು ಎಂಜಿನ್ನಿನ ಮೇಲೆ ಕೈಯಾಡಿಸಿದರು.

"ಎಷ್ಟ್ ಹೇಳತೀರಿ?"

"ಇಪ್ಪತ್ತು ಲಕ್ಷ ರಿ."

ಸಾಹೇಬರು ಬಾನೆಟ್ ಮೆಲ್ಲಗೆ ಮುಚ್ಚಿದರು. "ಕೆಲಸ ಭಾಳ ಚೊಲೋ ಮಾಡೀರಿ. ಆದ್ರ ಈ ರೇಟ್ ನಾ ಎಲ್ಲೂ ಕೇಳಿಲ್ಲ." ಕೊಟ್ಟ ಮಜ್ಜಿಗೆ ಕುಡಿದು ಹೊರಟುಹೋದರು.

ಅಡಿವೆಪ್ಪನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಇಂಥ ಕಾರಿಗೆ ಪ್ಯಾಟ್ಯಾಗ ಏನ್ ನಡದೈತಿ?" ಸಂಜೆ ಅಜ್ಜ ಕೇಳಿದರು.

"ಏಳೆಂಟು ಲಕ್ಷ ನಡದೈತ್ರಿ. ಆದ್ರ ನಾ ಮಾಡಿದಂಥ ಕೆಲಸ ಯಾರೂ ಮಾಡಿಲ್ರಿ."

"ಹಂಗಾರ ಏಳೆಂಟು ಕಾರಿಂದು. ಉಳದದ್ದು ನಿಂದು." ಅಜ್ಜ ಏಳುತ್ತ ಅಂದರು, "ನಿನ್ನ ಕೊಳ್ಳಾಕ ಯಾರೂ ಬಂದಿಲ್ಲಪಾ."

ಆ ಮಾತು ಮುಳ್ಳಿನಂತೆ ಚುಚ್ಚಿತು. ವಾರ ಕಳೆಯುವಷ್ಟರಲ್ಲಿ ಸಾಹೇಬರಿಗೆ ಮತ್ತೆ ಫೋನು ಹೋಯಿತು. ಅವರು ಬಂದಾಗ ಮಠದವರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದರು. ಅಡಿವೆಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ, "ಐವತ್ತು ಸಾವಿರ ಕೊಟ್ಟು ಒಯ್ಯರಿ."

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡ ಮನಸು ಎಂದು ಯಾರೋ ಪಿಸುಗುಟ್ಟಿದ್ದು ಅವನ ಕಿವಿಗೆ ಬಿತ್ತು.

ಸಾಹೇಬರು ಮಾತ್ರ ಬಾಗಿಲಿನ ಹಿಡಿಯಿಂದ ಕೈ ತೆಗೆದರು. "ಕಾಗದಪತ್ರ ಎಲ್ಲಾ ಸರಿ ಅದಾವಿಲ್ರಿ? ಏನರ ಕೇಸು ಗೀಸು?"

"ಛೇ, ಏನೂ ಇಲ್ರಿ."

"ಇಲ್ರಿ, ನಂಗ ಬ್ಯಾಡ. ನಾಳೆ ತ್ರಾಸಾದೀತು." ಈ ಸಲ ಮಜ್ಜಿಗೆಯನ್ನೂ ಕುಡಿಯಲಿಲ್ಲ.

ಅಡಿವೆಪ್ಪ ನೇರ ಅಜ್ಜನ ಬಳಿಗೆ ಹೋದ. ಅವನಿಗೆ ಸಿಟ್ಟು ಬಂದಿತ್ತು.

"ಹೆಚ್ಚ ಹೇಳಿದ್ರೂ ಹೋದ್ರು, ಕಡಿಮಿ ಹೇಳಿದ್ರೂ ಹೋದ್ರು. ಈ ಸಲ ನಾ ಆಸೆ ಪೂರಾ ಬಿಟ್ಟು ಹೇಳಿದ್ದೆರಿ ಅಜ್ಜಾರ."

"ಯಾರ ಮುಂದ ಹೇಳಿದಿ?"

"ಎಲ್ಲಾರ ಮುಂದರಿ."

"ಅವರೇನಂದ್ರು?"

"ದೊಡ್ಡ ಮನಸು ಅಂದ್ರರಿ."

"ಕಾರು ನಿಮ್ಮಪ್ಪಂದಲ್ಲೇನು? ನಿಮ್ಮಪ್ಪಗ ಎಷ್ಟ್ ಮಂದಿ ಮಕ್ಕಳು?"

"ಇಬ್ರರಿ. ನಾನು, ನಮ್ಮಕ್ಕ ಗಿರಿಜವ್ವ. ರೋಣದಾಗ ಇರತಾಳ್ರಿ. ಗಂಡ ತೀರಿಹೋದಮ್ಯಾಲೆ ಹೊಲಿಗಿ ಮಾಡಿ ಮನಿ ನಡಸತಾಳ."

"ಐವತ್ತು ಸಾವಿರ ಅನ್ನೋ ಮುಂದ ಆಕಿನ್ನ ಕೇಳಿದೇನು?"

ಅಡಿವೆಪ್ಪನ ಸಿಟ್ಟು ಜರ್ರನೆ ಇಳಿಯಿತು. ತ್ಯಾಗಿ ಎನಿಸಿಕೊಳ್ಳುವ ಅವಸರದಲ್ಲಿ ಅಕ್ಕನ ಪಾಲನ್ನೂ ನೀರಿಗೆ ಹಾಕಲು ಹೊರಟಿದ್ದ. ಇಷ್ಟು ವರ್ಷ ಕಾರು ತನ್ನದೆಂದೇ ನಂಬಿದ್ದನಲ್ಲ, ಅಕ್ಕನಿಗೂ ಅದರಲ್ಲಿ ಪಾಲುಂಟು ಎಂಬುದು ಅವನ ತಲೆಗೇ ಬಂದಿರಲಿಲ್ಲ.

ಮರುದಿನ ಬಸ್ಸು ಹಿಡಿದು ರೋಣಕ್ಕೆ ಹೋದ. ಗಿರಿಜವ್ವ ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡಳು.

"ಅಪ್ಪನ ಕಾರಿನ್ಯಾಗ ನಂದೂ ಐತೇನೋ ತಮ್ಮಾ?" ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದಕ್ಕೇ ಅವನಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಅವನ ಕಣ್ಣೊರೆಸಿ ಅಂದಳು, "ಆತು ಬಿಡು. ನಿನಗ ಸರಿ ಕಂಡಂಗ ಮಾರು."

ಮೂರನೆಯ ಸಲ ಸಾಹೇಬರಿಗೆ ಹೇಳಿಕಳಿಸಿದವರು ಅಜ್ಜ. ತಾವೇ ಹುಣಸೆಮರದ ತನಕ ಬಂದು ನಿಂತರು.

ಕಾವಿ ಉಡುವ ಮೊದಲು ಅಜ್ಜ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಅದನ್ನು ಅವರು ಮುಚ್ಚಿಟ್ಟವರಲ್ಲ, ಹೇಳಿಕೊಂಡು ತಿರುಗಿದವರೂ ಅಲ್ಲ.

"ಎತ್ತು ಮಾರಾಂವ ಮೊದಲ ಅದರ ಕೆಟ್ಟ ಸುಳಿ ತೋರಸತಾನ," ಎಂದರು. "ನಿನ್ನ ಕಾರಿನ್ಯಾಗ ಏನೈತಿ ತೋರಸು."

ಅಡಿವೆಪ್ಪ ಕಾರಿನ ಹಿಂಭಾಗಕ್ಕೆ ಹೋಗಿ ಬಗ್ಗಿದ. ಇಪ್ಪತ್ತು ಲಕ್ಷ ಹೇಳಿದ ದಿನ ಇದನ್ನು ಹೇಳಿರಲಿಲ್ಲ. "ಚಾಸಿ ಹಿಂದಕ ಒಂದ ಕಡೆ ಮುರದಿತ್ತರಿ ಸಾಹೇಬ್ರ. ವೆಲ್ಡಿಂಗ್ ಮಾಡೇನಿ. ಬಣ್ಣ ಹಚ್ಚಿದ್ದಕ್ಕ ಕಾಣೂದಿಲ್ಲ."

ಸಾಹೇಬರು ನೆಲಕ್ಕೆ ಮಲಗಿ ಕಾರಿನ ಕೆಳಗೆ ತೂರಿ ಆ ಅಡಿಚೌಕಟ್ಟನ್ನು ನೋಡಿದರು. ಎದ್ದು ಅಂಗಿ ಝಾಡಿಸಿಕೊಂಡು ಅಂದರು, "ಗಟ್ಟಿ ಐತಿ. ಬೆಲಿ ಹೇಳರಿ."

"ಬಾಯಿಲೆ ಬ್ಯಾಡ," ಎಂದು ಅಜ್ಜ ಹೆಗಲ ಮೇಲಿನ ವಸ್ತ್ರ ತೆಗೆದರು. "ಸಂತ್ಯಾಗ ಮಾಡಿದಂಗ ಮಾಡರಿ. ಅರಿವಿ ಕೆಳಗ ಬೆರಳ ಹಿಡದು ಹೇಳೂದು. ಕೊಡಾಂವಗ, ತೊಗೊಳ್ಳಾಂವಗ ಬಿಟ್ರ ಮೂರನೇದಾಂವಗ ತಿಳಿಬಾರದು."

ಸಾಹೇಬರ ಮುಖ ಅರಳಿತು. "ನಮ್ಮ ತಾತಾ ಹಂಗ ಮಾಡತಿದ್ರರಿ. ಬೆರಳಿಗೊಂದು ಲಕ್ಷ ಅಂತ ಇಟಗೊಳ್ಳೂಣು?"

ಇಬ್ಬರ ಕೈಗಳ ಮೇಲೆ ವಸ್ತ್ರ ಹಾಸಿ ಅಜ್ಜ ನದಿಯ ಕಡೆಗೆ ತಿರುಗಿ ನಿಂತರು.

ವಸ್ತ್ರದ ಕೆಳಗೆ ಸಾಹೇಬರ ಅಂಗೈ ಬೆಚ್ಚಗಿತ್ತು. ಅಡಿವೆಪ್ಪ ತಡೆದ. ಇಲ್ಲಿ ಬೆರಗಾಗುವವರಿರಲಿಲ್ಲ, ಹೊಗಳುವವರಿರಲಿಲ್ಲ, ಅಜ್ಜ ಕೂಡ ಬೆನ್ನು ತಿರುಗಿಸಿ ನಿಂತಿದ್ದರು. ದೊಡ್ಡವನಾಗಿ ಕಾಣುವುದಕ್ಕೂ ಸಣ್ಣವನಾಗಿ ಕಾಣುವುದಕ್ಕೂ ಜಾಗವಿರಲಿಲ್ಲ. ಉಳಿದದ್ದು ಒಂದು ಹಳೆಯ ಕಾರು, ಅದರ ಚಾಸಿಯ ಮೇಲೊಂದು ವೆಲ್ಡಿಂಗ್, ಎದುರಿಗೊಬ್ಬ ಪ್ರಾಮಾಣಿಕ ಮನುಷ್ಯ, ರೋಣದಲ್ಲಿ ಅಕ್ಕ.

ಬೆರಳು ಹಿಡಿದ.

ವಸ್ತ್ರ ಒಮ್ಮೆ ಅಲುಗಿತು, ಸಾಹೇಬರು ಬೇಡವೆಂದು ತಲೆಯಾಡಿಸಿದರು. ಮತ್ತೊಮ್ಮೆ ಅಲುಗಿತು, ಈಗ ಅಡಿವೆಪ್ಪ ಒಪ್ಪಿ ತಲೆಯಾಡಿಸಿದ. ಆಮೇಲೆ ಎರಡೂ ಕೈ ಸುಮ್ಮನಾದವು.

ಕಾರು ಮಠದ ದಾರಿ ಇಳಿದು ಹೋಗುವಾಗ ಅಡಿವೆಪ್ಪ ಅತ್ತ. ಅಳಬೇಡವೆಂದು ಯಾರೂ ಹೇಳಲಿಲ್ಲ. ಎಷ್ಟಕ್ಕೆ ಹೋಯಿತು ಎಂದು ಕಟ್ಟೆಯ ಮೇಲಿದ್ದವರು ಕೇಳಿದರು, ಕೆಣಕಿಯೂ ನೋಡಿದರು. ಅವನು ಕಸಬರಿಗೆ ಹಿಡಿದು ಹುಣಸೆಯ ಕೆಳಗೆ ಗುಡಿಸತೊಡಗಿದ.

ಹೊತ್ತು ಮುಳುಗುವಾಗ ಅಜ್ಜ ನದಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಅಡಿವೆಪ್ಪ ಹೋಗಿ ಪಕ್ಕದಲ್ಲಿ ನಿಂತ.

"ಎಷ್ಟಕ್ಕ ಹೋತು ಅಂತ ನೀವು ಕೇಳಲಿಲ್ಲರಿ ಅಜ್ಜಾರ."

"ಹೇಳಬೇಕು ಅನಸೇತೇನು?"

ಅನಿಸಿತ್ತು. ಬೆಲೆ ಹದವಾಗಿತ್ತೆಂದು, ಒಂದು ರೂಪಾಯಿಯಷ್ಟೂ ಮೋಸವಿರಲಿಲ್ಲವೆಂದು ಹೇಳಿ, ಅಜ್ಜ ಹೂಂ ಅನ್ನುವುದನ್ನು ಕೇಳಬೇಕೆಂದು ತುಂಬ ಅನಿಸಿತ್ತು. ಮಾತು ತುದಿನಾಲಿಗೆಗೆ ಬಂದು ನಿಂತಿತ್ತು. ಅಡಿವೆಪ್ಪ ಅದನ್ನು ಅಲ್ಲಿಂದಲೇ ಒಳಗೆಳೆದುಕೊಂಡ.

"ಇಲ್ರಿ," ಎಂದ.

ಅಜ್ಜ ನೀರಿನಿಂದ ಕಾಲು ಮೇಲೆಳೆದುಕೊಂಡರು. ಆಮೇಲೆ ಅಂದರು:

"ರೊಕ್ಕ ಕೊಡಾಕ ರೋಣಕ್ಕ ಹೋಗತಿಯಲ್ಲ, ದೀಕ್ಷಾದ ಮಾತೂ ಅಕ್ಕನ್ನ ಕೇಳಿ ಬಾ. ನಿನ್ನಾಗೂ ಆಕಿ ಪಾಲೈತಿ."