ಬಾವಿಯ ಅಂಚಿನಲ್ಲಿ ನಿಂತವನು

“ಗುರುಗಳೇ, ಹೊಸಬನೊಬ್ಬನಿಗೆ ಕೆಲಸ ಕಲಿಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಅವನು ಎಡವದಿರಲೆಂದು ಕಷ್ಟದ ಭಾಗವನ್ನೆಲ್ಲ ನಾನೇ ಮಾಡಿಬಿಡುತ್ತೇನೆ. ಇದು ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಬಾವಿ ತೋಡುವವರು ಇಬ್ಬರಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ. ಕಿರಿಯನೂ ಇಬ್ಬರು ಮಕ್ಕಳ ತಂದೆ. ಕಸುಬಿಗೆ ಮಾತ್ರ ಹೊಸಬ.

ಬಾವಿಯ ಆಳದಲ್ಲಿ ಕೆಟ್ಟ ಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಅಗೆಯುವವನ ಬೆನ್ನ ಹಿಂದೆ, ಮೊಣಕಾಲಿನ ಎತ್ತರದಲ್ಲಿ, ಒಂದು ದೀಪವನ್ನು ಇಳಿಬಿಡುವುದು ವಾಡಿಕೆ. ಅಗೆಯುವವನು ಬಗ್ಗಿರುತ್ತಾನೆ, ದೀಪ ನೋಡುವುದು ಮೇಲಿನವನ ಕೆಲಸ. ಅದು ಆರುವವರೆಗೆ ಕಾಯುವಂತಿಲ್ಲ. ಜ್ವಾಲೆ ಕುಗ್ಗಿ ಕೆಂಪಾದೊಡನೆ, ಸೊಂಟಕ್ಕೆ ಕಟ್ಟಿದ ಹಗ್ಗ ಎಳೆದು ಕೆಳಗಿನವನನ್ನು ಮೇಲೆ ತರಬೇಕು.

ಆರು ವರ್ಷ ಕಿರಿಯ ಅಗೆದ, ಹಿರಿಯ ದೀಪ ನೋಡಿದ. ಹನ್ನೊಂದು ಸಲ ಅವನನ್ನು ಎಳೆದುಕೊಂಡ. ಹನ್ನೊಂದನೆಯ ಸಲ ಮೇಲೆ ಬಂದ ಕಿರಿಯ ಕೇಳಿದ:

“ಅಣ್ಣಾ, ದೀಪ ಉರೀತಾನೇ ಇತ್ತಲ್ಲ, ಯಾಕೆ ಎಳೆದೆ? ನನಗೂ ಒಂದಿನ ನೋಡೋಕೆ ಬಿಡು.”

“ನಿನ್ನ ಕಣ್ಣು ಯಾವಾಗಲೂ ಬುತ್ತಿ ಗಂಟಿನ ಮೇಲೆ. ಬದುಕಿದ್ದೀಯಲ್ಲ, ಸಾಕು. ನಾನಿರೋವರೆಗೂ ನಿನಗ್ಯಾಕೆ ಆ ಉಸಾಬರಿ?”

ಕಿರಿಯ ನಕ್ಕ. ಮತ್ತೆ ಕೇಳಲಿಲ್ಲ.

ಒಂದು ಬೇಸಿಗೆಯಲ್ಲಿ ಕಿರಿಯನ ಪಾದದ ಮೇಲೆ ಕಲ್ಲು ಬಿತ್ತು. ನೀರು ಸಿಗಲು ಇನ್ನೊಂದು ಮೊಳ ಅಗೆಯಬೇಕಿತ್ತು. ಹಿರಿಯ ತಾನೇ ಇಳಿದ. “ದೀಪ ನೋಡ್ತಿರು” ಎಂದಷ್ಟೇ ಹೇಳಿದ.

ಕಿರಿಯ ಕಣ್ಣು ಕೀಳದೆ ನೋಡಿದ. ಮೊದಲು ಜ್ವಾಲೆ ಹೆಬ್ಬೆರಳಿನಷ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಭತ್ತದ ಕಾಳಿನಷ್ಟಾಯಿತು. ಕೆಂಪಾಯಿತು.

ಕೆಳಗಿನಿಂದ ಹಿರಿಯ ಕೂಗಿದ: “ಹೇಗಿದೆಯೋ ದೀಪ?”

“ಉರೀತಾ ಇದೆ ಅಣ್ಣಾ, ನೀನು ಅಗಿ.”

ಹಿರಿಯ ಅಗೆದ. ಸ್ವಲ್ಪ ಹೊತ್ತಿಗೆ ದೀಪ ಆರಿತು. ಗುದ್ದಲಿಯ ಸದ್ದೂ ನಿಂತಿತು. ಕಿರಿಯ ಹಗ್ಗ ಹಿಡಿದು ಎಳೆದ, ಅಂಗೈಯ ಚರ್ಮ ಸುಲಿಯುವಂತೆ ಎಳೆದ. ಮೇಲೆ ಬಂದದ್ದು ಹೆಣ.

ಜನ ಸೇರಿದರು. ಹಿರಿಯನ ಹೆಂಡತಿ ಬಂದಳು. ಕಿರಿಯ ಅವಳ ಕಾಲ ಬಳಿ ಕುಸಿದು, “ಅತ್ತಿಗೆ, ಆರುವವರೆಗೂ ನಾನು ರೆಪ್ಪೆ ಮುಚ್ಚಲಿಲ್ಲ” ಎಂದ. ಸಂಜೆಯವರೆಗೂ ಅದೊಂದೇ ಮಾತನ್ನು ಹೇಳುತ್ತಿದ್ದ. ಅದು ನಿಜವೂ ಆಗಿತ್ತು.

ಗುರು ಕಥೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆರು ವರ್ಷ ಜೊತೆಯಲ್ಲಿದ್ದವನು! ಕುಗ್ಗಿದ ಜ್ವಾಲೆ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲವೇ?”

ಗುರು ಹೇಳಿದರು: “ಗೊತ್ತಿದ್ದವನು ಬಾವಿಯೊಳಗಿದ್ದ.”